ಹುಡುಗರನ್ನು ಅಜ್ಜಿಮನೆಯಲ್ಲಿ ಬಿಟ್ಟು ಹಡಗು ಹತ್ತಿದ್ದು

ಮೈಸೂರು

ಪ್ರಿಯ ಗೆಳೆಯಾ,

ನಿನ್ನ ಪತ್ರ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ನನ್ನ ಸೋಮಾರಿತನ ಅರ್ಧ ಕಾರಣವಾದರೆ, ನಿನ್ನ ಕೊನೆಯ ಸಾಲು ಇನ್ನರ್ಧ. ‘ಅಷ್ಟು ಸಣ್ಣ ಹುಡುಗರನ್ನು ಬಿಟ್ಟು ಗಂಡ ಹೆಂಡತಿ ಇಬ್ಬರೇ ಮೆಡಿಟರೇನಿಯನ್ ಸಮುದ್ರ ಸುತ್ತಲು ಮನಸ್ಸಾದರೂ ಹೇಗೆ ಬಂತು ಮಾರಾಯ?’ ಎಂದು ನೀನು ತಮಾಷೆಗೇ ಬರೆದಿರಬಹುದು. ಆದರೆ ನನ್ನ ತಾಯಿಯೂ ಎದುರುಮನೆಯವರೂ ಕೊನೆಗೆ ಹಾಲು ಹಾಕುವವನೂ ಇದನ್ನೇ ಕೇಳಿದ್ದರಿಂದ, ನಿನಗೊಬ್ಬನಿಗಾದರೂ ಸರಿಯಾಗಿ ಉತ್ತರ ಹೇಳೋಣವೆಂದು ಕುಳಿತಿದ್ದೇನೆ.

ದೊಡ್ಡವನಿಗೆ ಈಗ ಏಳು, ಚಿಕ್ಕವನಿಗೆ ನಾಲ್ಕು. ನಮ್ಮ ಮನೆಯ ಬೆಳಗು ಸ್ಕೂಟರಿನ ಮುಂದೆ ಯಾರು ನಿಲ್ಲಬೇಕೆಂಬ ವ್ಯಾಜ್ಯದಿಂದ ಶುರುವಾಗುತ್ತದೆ. ದೊಡ್ಡವನ ತಲೆ ಹ್ಯಾಂಡಲ್ ದಾಟಿ ಬೆಳೆದು ನನಗೆ ರಸ್ತೆಯೇ ಕಾಣದಂತಾಗಿದೆ. ಆದರೂ ಮೂರು ವರ್ಷ ಅನುಭವಿಸಿದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಡಲು ಅವನು ತಯಾರಿಲ್ಲ. ಇವರಿಬ್ಬರ ನಡುವೆ ಸಿಕ್ಕಿ ನಾನೂ ನನ್ನವಳೂ ಎಷ್ಟೋ ಕಾಲದಿಂದ ಪಾಳಿಯ ಮೇಲೆ ದುಡಿಯುವ ಇಬ್ಬರು ನೌಕರರಂತಾಗಿಬಿಟ್ಟಿದ್ದೆವು. ಅವಳು ಬ್ಯಾಂಕಿನಿಂದ ಬರುವ ಹೊತ್ತಿಗೆ ನಾನು ಪಾಳಿ ಒಪ್ಪಿಸುವವನು. ಸಿರಪ್ ಕುಡಿಸಿದೆಯಾ, ಗ್ಯಾಸ್ ಬುಕ್ ಮಾಡಿದೆಯಾ, ಶಾಲೆಯ ವ್ಯಾನಿನವನಿಗೆ ದುಡ್ಡು ಕೊಟ್ಟೆಯಾ ಎಂಬಲ್ಲಿಗೆ ನಮ್ಮ ಮಾತು ಮುಗಿಯುತ್ತಿತ್ತು. ಜಗಳವಾಡಲಿಕ್ಕೂ ಬಿಡುವಿರಲಿಲ್ಲ ಎಂದರೆ ನೀನು ನಂಬಬೇಕು.

ಮದುವೆಯಾಗಿ ಹತ್ತು ವರ್ಷ ತುಂಬುತ್ತಿತ್ತು. ಮೇ ತಿಂಗಳಲ್ಲಿ ಹುಡುಗರು ಹೇಗೂ ತೀರ್ಥಹಳ್ಳಿ ಬಳಿಯ ಅಜ್ಜಿಮನೆಯಲ್ಲಿ ಇರುತ್ತಾರೆ. ಹಲಸು, ಮಾವು, ಹಳ್ಳದ ನೀರು, ಅಡಿಕೆ ತೋಟ ಎಂದು ಅವರಿಗೆ ನಮ್ಮ ನೆನಪೇ ಬರುವುದಿಲ್ಲ. ಆ ಹತ್ತು ದಿನಗಳನ್ನು ನಾವು ಕದ್ದೆವು. ವೀಸಾಕ್ಕೆ ತಲೆಗೆ 90 ಯೂರೋ ಶುಲ್ಕ, ಜತೆಗೆ ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣವಿಮೆ, ಬೆಂಗಳೂರಿನ ವೀಸಾ ಕೇಂದ್ರಕ್ಕೆ ಒಂದು ದಿನದ ಓಡಾಟ. ಹಡಗಿನ ಟಿಕೆಟ್ಟಿನಲ್ಲಿ ಊಟ, ತಿಂಡಿ, ಕೋಣೆ ಸೇರಿರುತ್ತದೆ. ಪಾನೀಯ, ಇಂಟರ್ನೆಟ್, ದಿನಕ್ಕೆ ತಲೆವಾರು ಸೇವಾಶುಲ್ಕ ಇವೆಲ್ಲ ಬೇರೆ. ನೀನು ಹೊರಡುವುದಾದರೆ ಈ ‘ಬೇರೆ’ಯ ಲೆಕ್ಕವನ್ನು ಮೊದಲೇ ಹಾಕಿಕೋ. ನಾವು ಹಾಕಿರಲಿಲ್ಲ.

ಸ್ಪೇನಿನ ಬಾರ್ಸಿಲೋನಾದಲ್ಲಿ ಹಡಗು ಹತ್ತಿದೆವು. ಲಂಗರು ಎತ್ತುವ ಮೊದಲು ಎಲ್ಲ ಪ್ರಯಾಣಿಕರೂ ಅಪಾಯದ ಹೊತ್ತಿನಲ್ಲಿ ಸೇರಬೇಕಾದ ಜಾಗವನ್ನು ನೋಡಿಕೊಂಡು, ಲೈಫ್ ಜಾಕೆಟ್ ತೊಡುವ ಪಾಠ ಕಲಿಯಬೇಕು. 2012ರ ಜನವರಿಯಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಾಗಿ ವಾಲಿ 32 ಜನ ಸತ್ತರಲ್ಲ, ಅಂದು ಹತ್ತಿದವರಲ್ಲಿ ನೂರಾರು ಮಂದಿಗೆ ಆ ಪಾಠ ಇನ್ನೂ ಆಗಿರಲಿಲ್ಲ. ಸೈರನ್ ಮೊಳಗಿದಾಗ ನನ್ನವಳು ತನಗರಿವಿಲ್ಲದೆಯೇ ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿದಳು, ಹಿಡಿದುಕೊಳ್ಳಲು ಯಾರೂ ಇರಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಇನ್ನೂ ಚೆನ್ನಾಗಿತ್ತು. ಬಡಿಸುವವನು ನೀರಿನ ಲೋಟಗಳನ್ನಿಟ್ಟು ತಿರುಗುವಷ್ಟರಲ್ಲಿ ಅವಳು ನನ್ನ ಲೋಟವನ್ನು ಮೇಜಿನ ಅಂಚಿನಿಂದ ನಡುವಿಗೆ ಸರಿಸಿದಳು. ಅದೇ ಗಳಿಗೆಯಲ್ಲಿ ನಾನು ಅವಳ ಮುಂದಿದ್ದ ಚಾಕುವನ್ನು ಕೈಗೆ ಸಿಗದಷ್ಟು ದೂರ ಇಟ್ಟಿದ್ದೆ. ಇಬ್ಬರೂ ನಕ್ಕೆವು. ಆಮೇಲೆ ಬಹಳ ಹೊತ್ತು ಏನು ಮಾತಾಡಬೇಕೆಂದೇ ತಿಳಿಯಲಿಲ್ಲ.

ಮರುದಿನ ಫ್ರಾನ್ಸಿನ ಮಾರ್ಸೆಯಲ್ಲಿ ಗುಡ್ಡದ ಮೇಲಿನ ಚರ್ಚು ನೋಡಿದೆವು. ಅದರ ಚಾವಣಿಯಿಂದ ಪುಟ್ಟ ಪುಟ್ಟ ಹಡಗುಗಳನ್ನು ತೂಗುಹಾಕಿದ್ದಾರೆ. ಬಿರುಗಾಳಿಯಲ್ಲಿ ಬದುಕಿ ಬಂದ ನಾವಿಕರು ತೀರಿಸಿದ ಹರಕೆಗಳಂತೆ. ಇಟಲಿಯ ಜಿನೋವಾದ ಬಗ್ಗೆ ಕೇಳಬೇಡ. ಕೊಲಂಬಸ್ ಹುಟ್ಟಿದ ಊರಿನಲ್ಲಿ ನಾವು ಹಡಗಿನಿಂದ ಇಳಿಯಲೇ ಇಲ್ಲ, ಬೆಳಗಿನ ಹತ್ತೂವರೆಯವರೆಗೆ ಮಲಗಿದೆವು. ಏಳು ವರ್ಷಗಳಲ್ಲಿ ಅಂಥ ನಿದ್ದೆ ಬಂದದ್ದು ಅದೇ ಮೊದಲು. ಆ ಬೆಳಗಿನ ಎದುರು ಯಾವ ಅರಮನೆಯೂ ದೊಡ್ಡದಾಗಿ ಕಾಣಲಿಲ್ಲ.

ನೇಪಲ್ಸ್‌ನಿಂದ ಲೋಕಲ್ ರೈಲು ಹಿಡಿದು ಪಾಂಪೆಗೆ ಹೋದೆವು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸ್ಫೋಟಿಸಿ ಹೂತುಹಾಕಿದ ಆ ಊರಿನ ಬೀದಿಗಳಲ್ಲಿ, ಕೊಚ್ಚೆ ಮೆಟ್ಟದೆ ದಾಟಲೆಂದು ಎತ್ತರದ ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದಾರೆ; ಗಾಡಿಯ ಚಕ್ರ ಹಾಯಲು ನಡುವೆ ಜಾಗ ಬಿಟ್ಟಿದ್ದಾರೆ. ಚಕ್ರಗಳು ತೇದ ಗುರುತು ನೆಲದ ಕಲ್ಲಿನಲ್ಲಿ ಇನ್ನೂ ಹಾಗೆಯೇ ಇದೆ. ಅದನ್ನು ನೋಡಿದ ಕೂಡಲೇ ಅವಳು, ‘ದೊಡ್ಡವನಿದ್ದಿದ್ದರೆ ಇದರ ಮೇಲೆ ಇಪ್ಪತ್ತು ಸಲ ಹಾರುತ್ತಿದ್ದ, ಚಿಕ್ಕವನು ಹಿಂದೆಯೇ ಹಾರಲು ಹೋಗಿ ಮಂಡಿ ಒಡೆದುಕೊಳ್ಳುತ್ತಿದ್ದ’ ಎಂದಳು. ಒಂದು ಮನೆಯ ಬಾಗಿಲಲ್ಲಿ ‘ನಾಯಿ ಇದೆ, ಎಚ್ಚರಿಕೆ’ ಎಂದು ಬಣ್ಣದ ಹರಳುಗಳಲ್ಲಿ ಬರೆದು ಸರಪಳಿ ಕಟ್ಟಿದ ಕರಿನಾಯಿಯ ಚಿತ್ರವನ್ನೂ ಕೂರಿಸಿದ್ದಾರೆ. ಹುಡುಗರಿಗೆಂದು ಅದರ ಫೋಟೋ ತೆಗೆದೆ. ಹೀಗೆ ಅವರನ್ನು ಬಿಟ್ಟು ಬಂದವರು ಕಂಡದ್ದನ್ನೆಲ್ಲ ಅವರ ಕಣ್ಣಿನಿಂದಲೇ ನೋಡುತ್ತಿದ್ದೆವು. ನಾಚಿಕೆಯೂ ಆಯಿತು.

ನಮ್ಮ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಹುಡುಗ ಕುಂದಾಪುರದವನು. ಮೊದಲ ದಿನ ನಮ್ಮ ಮಾತು ಕಿವಿಗೆ ಬಿದ್ದದ್ದೇ, ‘ನಿಮ್ದ್ ಯಾವ್ ಊರ್ ಮಾರ್ರೆ?’ ಎಂದು ಬಾಗಿಲಲ್ಲೇ ನಿಂತಿದ್ದ. ಎಂಟು ತಿಂಗಳು ಹಡಗು, ಎರಡು ತಿಂಗಳು ಊರು, ಇದು ಅವನ ಲೆಕ್ಕ. ಮಗ ಹುಟ್ಟಿದಾಗ ಕೆರಿಬಿಯನ್ ಸಮುದ್ರದಲ್ಲಿದ್ದನಂತೆ. ಮೂರು ವರ್ಷದ ಆ ಮಗು ಊರಿಗೆ ಹೋದಾಗಲೆಲ್ಲ ಮೊದಲ ವಾರ ಇವನ ಹತ್ತಿರ ಬರುವುದಿಲ್ಲವಂತೆ. ಹತ್ತು ದಿನದ ಅಗಲಿಕೆಯ ಸಂಕಟವನ್ನು ಅವನೆದುರು ಹೇಳಿಕೊಳ್ಳಲು ನಮಗೆ ಬಾಯಿ ಬರಲಿಲ್ಲ. ನೇಪಲ್ಸ್ ಬಿಟ್ಟ ರಾತ್ರಿ, ‘ಎರಡೂವರೆಗೆ ಎದ್ದು ಡೆಕ್ಕಿಗೆ ಹೋಗಿ, ಬೆಂಕಿಗುಡ್ಡ ಕಾಣುತ್ತದೆ’ ಎಂದು ಹೇಳಿದವನು ಅವನೇ.

ರಾತ್ರಿ ಎರಡೂವರೆಗೆ ಏಳುವುದು ನಮಗೇನು ಹೊಸದಲ್ಲವಲ್ಲ. ಹೊದಿಕೆ ಹೊದ್ದು ಮೇಲೆ ಹೋದೆವು. ಸಮುದ್ರದ ನಡುವೆ ನೇರವಾಗಿ ಎದ್ದುನಿಂತ 924 ಮೀಟರಿನ ಸ್ಟ್ರೊಂಬೊಲಿ ಕತ್ತಲಿನಲ್ಲಿ ಇನ್ನೂ ಕಪ್ಪಾಗಿ ತೋರುತ್ತಿತ್ತು. ಸಾವಿರಾರು ವರ್ಷಗಳಿಂದ ಅದು ಹೆಚ್ಚುಕಡಿಮೆ ಬಿಡುವಿಲ್ಲದೆ ಉಗುಳುತ್ತಲೇ ಇದೆ, ನಾವಿಕರು ಅದನ್ನು ಮೆಡಿಟರೇನಿಯನ್ನಿನ ದೀಪಸ್ತಂಭ ಎನ್ನುತ್ತಾರೆ. ತುದಿಯಲ್ಲಿ ಒಮ್ಮೆ ಕೆಂಪಗೆ ಮಿನುಗಿ, ಕಿಡಿಗಳು ಜಾರಿ, ಆರಿಹೋಗುತ್ತದೆ. ಮುಂದಿನದಕ್ಕೆ ಹತ್ತು ಹದಿನೈದು ನಿಮಿಷ ಕಾಯಬೇಕು. ಆ ಕಾಯುವಿಕೆಯ ನಡುವೆ ಅವಳು, ಯಾವುದೋ ಹಳೆಯ ಸಂಗತಿಯೆಂಬಂತೆ, ಕಳೆದ ವರ್ಷ ತನಗೆ ಬಡ್ತಿ ಬಂದಿತ್ತೆಂದೂ ಹುಬ್ಬಳ್ಳಿಗೆ ಹೋಗಬೇಕಾಗುತ್ತದೆಂದು ಬೇಡವೆಂದು ಬರೆದುಕೊಟ್ಟೆನೆಂದೂ ಹೇಳಿದಳು. ನನಗೇಕೆ ಹೇಳಲಿಲ್ಲವೆಂದು ಕೇಳಿದೆ. ‘ಅವತ್ತು ಚಿಕ್ಕವನಿಗೆ ಜ್ವರ. ಆಮೇಲೆ ಹೇಳೋಣ ಅಂದುಕೊಂಡೆ, ಸಮಯ ಸಿಗಲಿಲ್ಲ’ ಎಂದಳು. ಒಂದೇ ಮನೆಯಲ್ಲಿ, ಒಂದು ವರ್ಷ! ಗುಡ್ಡ ಹಿಂದೆ ಸರಿದು ಚಿಕ್ಕ ಕೆಂಪು ಚುಕ್ಕೆಯಾಗುವವರೆಗೂ ನಾವು ಅಲ್ಲಿಯೇ ಕುಳಿತು ಮಾತಾಡಿದೆವು. ಮನಸ್ಸು ಹೇಗೆ ಬಂತೆಂದು ಕೇಳಿದೆಯಲ್ಲ, ಮನಸ್ಸು ಬಂದದ್ದು ಯಾವುದಕ್ಕೋ. ಹೋದದ್ದು ಸಾರ್ಥಕವಾದದ್ದು ಅಲ್ಲಿ.

ಬೆಳಗಾಗುವಾಗ ಸಿಸಿಲಿ ದ್ವೀಪದ ಮೆಸ್ಸಿನಾ. 1908ರ ಭೂಕಂಪದಲ್ಲಿ ನೆಲಸಮವಾಗಿ ಮತ್ತೆ ಕಟ್ಟಿದ ಊರು ಅದು. ಅಲ್ಲಿನ ದೊಡ್ಡ ಚರ್ಚಿನ ಗೋಪುರದಲ್ಲಿ 1933ರಲ್ಲಿ ಕೂರಿಸಿದ ಯಂತ್ರದ ಗಡಿಯಾರವಿದೆ. ಮಧ್ಯಾಹ್ನ ಹನ್ನೆರಡಕ್ಕೆ ಅದರ ಚಿನ್ನದ ಬಣ್ಣದ ಸಿಂಹ ಬಾವುಟ ಬೀಸಿ ಗರ್ಜಿಸುತ್ತದೆ, ಕೆಳಗಿನ ಹುಂಜ ರೆಕ್ಕೆ ಬಡಿದು ಕೂಗುತ್ತದೆ. ಅಲ್ಲಿಯ ಹನ್ನೆರಡು ಎಂದರೆ ನಮ್ಮ ಮೂರೂವರೆ. ಅಜ್ಜಿಮನೆಯಲ್ಲಿ ಸಿಗ್ನಲ್ ಸಿಗುವುದು ಅಡಿಕೆ ಒಣಗಿಸುವ ಅಂಗಳದ ಒಂದು ಮೂಲೆಯಲ್ಲಿ ಮಾತ್ರ; ವೀಡಿಯೋ ಕರೆಯಲ್ಲಿ ಸಿಂಹ ತೋರಿಸೋಣವೆಂದರೆ, ಮಾವನವರು ಇಬ್ಬರನ್ನೂ ಅಲ್ಲಿ ಕರೆತಂದು ನಿಲ್ಲಿಸಿದ್ದರು. ಸಿಂಹ ಗರ್ಜಿಸುವ ಹೊತ್ತಿಗೆ ಸರಿಯಾಗಿ ಆ ಕಡೆಯ ಚಿತ್ರ ನಿಂತುಹೋಯಿತು, ಅವರಿಗೆ ಸದ್ದು ಮಾತ್ರ ಕೇಳಿಸಿತು. ಚಿಕ್ಕವನು ಅಜ್ಜಿಯ ಸೆರಗಿನಲ್ಲಿ ಅಡಗಿದನಂತೆ. ದೊಡ್ಡವನು ಶಾಂತವಾಗಿ, ‘ಅಪ್ಪ, ಅದು ನಿಜವಾದ ಸಿಂಹ ಅಲ್ಲ, ಟೇಪು. ನಾವು ಹಳ್ಳಕ್ಕೆ ಹೋಗಬೇಕು, ಫೋನ್ ಇಡ್ತೀಯಾ?’ ಎಂದ. ಅಲ್ಲಿಂದ ಮುಂದೆ ನಾವು ದಿನಕ್ಕೊಮ್ಮೆಗಿಂತ ಹೆಚ್ಚು ಫೋನ್ ಮಾಡಲಿಲ್ಲ.

ಮಾಲ್ಟಾದ ರಾಜಧಾನಿ ವ್ಯಾಲೆಟ್ಟಾದ ಕೋಟೆ, ಬಂದರು, ಮಧ್ಯಾಹ್ನ ಹಾರಿಸುವ ತೋಪು ಎಲ್ಲವೂ ಚೆಂದ, ಫೋಟೋ ಕಳಿಸುತ್ತೇನೆ. ಅಲ್ಲಿಂದ ಬಾರ್ಸಿಲೋನಾಕ್ಕೆ ಮರಳುವ ದಿನ ಪೂರ್ತಿ ಸಮುದ್ರ, ಅಲೆಗಳೂ ಜೋರಾಗಿದ್ದವು. ಹೊಟ್ಟೆ ತೊಳಸಿ ಮಲಗಿದವನು ನಾನು. ಕುಂದಾಪುರದ ಹುಡುಗ ಹಸಿರು ಸೇಬು ತಂದುಕೊಟ್ಟ. ನನ್ನವಳು ತಂದಿದ್ದ ಚಟ್ನಿಪುಡಿಯನ್ನು ಒಂದು ಪೊಟ್ಟಣ ಕಟ್ಟಿ ಅವನ ಕೈಗಿಟ್ಟಳು. ದಿನವೂ ಹಾಸಿಗೆಯ ಮೇಲೆ ಟವೆಲ್ಲಿನಲ್ಲಿ ಅವನು ಮಾಡಿಡುತ್ತಿದ್ದ ಪ್ರಾಣಿಗಳಲ್ಲಿ ಆನೆಯೊಂದನ್ನು ಕಲಿಸಿಕೊಡೆಂದು ಅಂದು ಕೇಳಿದೆ. ದೊಡ್ಡ ಟವೆಲ್ಲನ್ನು ಎರಡೂ ತುದಿಗಳಿಂದ ನಡುವಿನವರೆಗೆ ಬಿಗಿಯಾಗಿ ಸುತ್ತಿ, ಮಡಚಿ ನಿಲ್ಲಿಸಿದರೆ ನಾಲ್ಕು ಕಾಲು. ಚಿಕ್ಕ ಟವೆಲ್ಲಿನಿಂದ ತಲೆ ಮತ್ತು ಸೊಂಡಿಲು. ನನ್ನ ಆನೆ ಮೂರು ಸಲ ಮಗುಚಿತು. ‘ಬಿಗಿ ಸಾಲ, ಇನ್ನೂ ಬಿಗಿ ಮಾಡಿ’ ಎನ್ನುತ್ತಿದ್ದ.

ಬ್ಯಾಂಕಿನವರು ಈ ವರ್ಷ ಮತ್ತೆ ಕೇಳಿದ್ದಾರೆ, ಅವಳು ಒಪ್ಪಿ ಬರೆದುಕೊಟ್ಟಿದ್ದಾಳೆ. ಹುಬ್ಬಳ್ಳಿಯೇ ಆದರೆ ವಾರದ ಮುಕ್ಕಾಲು ಪಾಲು ಇಬ್ಬರೂ ನನ್ನ ತಲೆಯ ಮೇಲೆ. ಧೈರ್ಯವಿದೆ ಎಂದು ಅವಳಿಗೆ ಹೇಳಿದ್ದೇನೆ, ನಿನಗೆ ಮಾತ್ರ ನಿಜ ಹೇಳುತ್ತೇನೆ, ಅಷ್ಟೇನೂ ಇಲ್ಲ. ಸದ್ಯಕ್ಕೆ ನಮ್ಮ ಮನೆಯ ತೆಳು ಟವೆಲ್ಲುಗಳಲ್ಲಿ ಆನೆ ಮಾಡುತ್ತಿದ್ದೇನೆ. ಕಾಲು ಸರಿಯಾಗಿ ನಿಲ್ಲದು, ಆದರೂ ಚಿಕ್ಕವನು ಅದರ ಬೆನ್ನಿಗೆ ಸೋಪಿನ ಡಬ್ಬಿ ಕಟ್ಟಿ ಅಂಬಾರಿ ಎನ್ನುತ್ತಾನೆ, ದೊಡ್ಡವನಿಗೆ ಈಗ ತನ್ನದೇ ಒಂದು ಆನೆ ಬೇಕಂತೆ. ನಿನ್ನೆ ಸ್ನಾನ ಮುಗಿಸಿ ಮೈಯೊರೆಸಿಕೊಳ್ಳಲು ಒಂದೂ ಟವೆಲ್ ಸಿಗದೆ, ಹಳೆಯ ಪಂಚೆಯಲ್ಲಿ ಹೊರಬಂದೆ.

ಮನೆಯವರಿಗೆಲ್ಲ ನಮ್ಮ ನಮಸ್ಕಾರ ತಿಳಿಸು.

ನಿನ್ನ,
ಹಳೆಯ ಹಾಸ್ಟೆಲ್ ಗೆಳೆಯ