ದರಿಯಾ ದೌಲತ್‌ಗೆ ಹತ್ತೇ ನಿಮಿಷವೇ?

ಮಾನ್ಯರೇ,

ಮಗಳ ಶಾಲಾ ಪ್ರವಾಸದ ಜೊತೆ ಹುಬ್ಬಳ್ಳಿಯಿಂದ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ರಾತ್ರಿಯಿಡೀ ಬಸ್ಸು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ ದರಿಯಾ ದೌಲತ್‌ನಲ್ಲಿ, ತೋಟ ಸುತ್ತಿದ್ದೂ ಸೇರಿ, ಇದ್ದದ್ದು ಹತ್ತೇ ನಿಮಿಷ. ಹಸಿರು ಪರದೆಯ ಹಿಂದೆ ಪಶ್ಚಿಮ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ: ಮದ್ದಿನ ಬಂಡಿ ಸಿಡಿಯುತ್ತಿದೆ, ಪಲ್ಲಕ್ಕಿಯಲ್ಲಿ, ಟಿಪ್ಪು ಸೇನೆಗೆ ಸೋತ ಬ್ರಿಟಿಷ್ ದಳಪತಿ ಕರ್ನಲ್ ಬೈಲಿ ಬೆರಳು ಕಚ್ಚಿ ಕೂತಿದ್ದಾನೆ.

‘ಇಂವಾ ಯಾಕ ಬೆರಳ ಕಚ್ಚಾಕತ್ತಾನ್ರಿ ಸರ್?’ ಎಂದ ಒಬ್ಬ ಹುಡುಗ.

‘ಲೇಟಾತು, ನಡೀರಿ ನಡೀರಿ!’

ಮೈಸೂರಿನ ಸೀರೆ ಅಂಗಡಿಯಲ್ಲಿ ಮಾತ್ರ ಎರಡು ತಾಸು, ಅದೂ ಮಕ್ಕಳಿಗಲ್ಲ! ಮುಂದಿನ ವರ್ಷದ ಪಟ್ಟಿಯಲ್ಲಿ ಎರಡು ಊರು ಕಡಿಮೆಯಾದರೂ ಅಡ್ಡಿಯಿಲ್ಲ, ಕಾವೇರಿ ದಂಡೆಯ ಈ ಅರಮನೆಗೆ ಅರ್ಧ ದಿನ ಕೊಡಲಿ.

– ಒಬ್ಬ ಪಾಲಕ, ವಿದ್ಯಾನಗರ, ಹುಬ್ಬಳ್ಳಿ