ಗೆಳೆಯನಿಗೊಂದು ಪತ್ರ: ಆ ಬಂಗಲೆಗೆ ಹೋಗುವ ಮುಂಚೆ

ಪ್ರೀತಿಯ ಮಂಜು,

ನೀನು ಕಳಿಸಿದ ಫೋಟೋ ನೋಡಿದೆ. ಕೈಯಲ್ಲಿ ವಿದ್ಯುತ್ಕಾಂತ ಅಲೆ ಅಳೆಯುವ ಹೊಸ ಮೀಟರ್, ಹೆಗಲಿಗೆ ಕ್ಯಾಮೆರಾ ಚೀಲ, ಹಿಂದೆ ಆ ಹಳೇ ಬಂಗಲೆಯ ತುಕ್ಕು ಹಿಡಿದ ಗೇಟು. ದೆವ್ವ ಇದೆಯಾ ಅಂತ ನೋಡಲು ಅಮಾವಾಸ್ಯೆ ರಾತ್ರಿ ನಾಲ್ಕು ಜನ ಅಲ್ಲೇ ಇರುತ್ತೇವೆ, ನೀನೂ ಬಾ ಅಂತ ಬರೆದಿದ್ದೀಯ. ಖಂಡಿತ ಬರುತ್ತೇನೆ. ಬೇಡ ಅಂತ ಬುದ್ಧಿ ಹೇಳೋಕೆ ಈ ಪತ್ರ ಬರೆಯುತ್ತಿಲ್ಲ. ಕತ್ತಲಲ್ಲಿ ಹುಣಸೆ ಮರದ ತನಕ ಯಾರು ಹೋಗಿ ಬರುತ್ತಾರೆ ಅಂತ ಪಂತ ಕಟ್ಟುತ್ತಿದ್ದವರು ನಾವೇ ಅಲ್ವಾ. ಆದರೆ ಅಲ್ಲಿಗೆ ಹೋಗುವ ಮುಂಚೆ ನಿನಗೊಂದು ವಿಷಯ ಹೇಳಬೇಕು. ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ನಡೆದದ್ದು. ನೀನು ಆಗ ಪುಣೆಯಲ್ಲಿದ್ದೆ. ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿ ಸುಮ್ಮನಿದ್ದೆ.

ಅಪ್ಪನ ಕೆಮ್ಮು ನಿನಗೆ ನೆನಪಿರಬೇಕು. ಕ್ಲಾಸಿಗೆ ಬರುವ ಮೊದಲು ವರಾಂಡದಲ್ಲೇ ಎರಡು ಸಲ ಕೆಮ್ಮುತ್ತಿದ್ದರು. ಮೇಷ್ಟ್ರು ಬಂದರು ಅಂತ ನಾವೆಲ್ಲ ಸುಮ್ಮನಾಗುತ್ತಿದ್ದೆವು. ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ಬೆಳಗಿನ ಜಾವ ಅಮ್ಮ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. "ಕೇಳಿಸ್ತಾ?" ಅಂದಳು. ಅಪ್ಪನ ರೂಮಿನಿಂದ ಕೆಮ್ಮು ಬಂತು. ಎರಡು ಸಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಸಲ. ನನ್ನ ತೋಳಿನ ಕೂದಲು ನಿಂತಿತ್ತು. ಆದರೆ ಹೆದರಿಕೆಗಿಂತ ಜಾಸ್ತಿ ಇದ್ದದ್ದು ಆಸೆ ಕಣೋ. ಬಾಗಿಲು ತೆಗೆದರೆ ಮಂಚದ ಮೇಲೆ ಕೂತಿರಲಿ ಅನ್ನೋ ಆಸೆ. ತೆಗೆದೆ. ಮಂಚ, ಮಡಿಸಿಟ್ಟ ಕಂಬಳಿ, ಕನ್ನಡಕದ ಡಬ್ಬಿ. ಯಾರೂ ಇರಲಿಲ್ಲ.

ಅಮ್ಮ ಆ ರೂಮಿಗೆ ಬೀಗ ಹಾಕಲು ಬಿಡಲಿಲ್ಲ. ರಾತ್ರಿ ಒಂದು ಲೋಟ ನೀರು ಇಟ್ಟು ಮಲಗುತ್ತಿದ್ದಳು. ಅತ್ತೆ ಬಂದವರು ಯಾರನ್ನೋ ಕರೆಸಿ ಮನೆ ದಿಗ್ಬಂಧನ ಮಾಡಿಸೋಣ ಅಂದರು. ನಾನು ಎರಡು ವಾರ ಟೈಮ್ ಕೇಳಿದೆ. ಅಪ್ಪ ವಿಜ್ಞಾನದ ಮೇಷ್ಟ್ರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡ, ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದನ್ನು ಅವರು ಎಷ್ಟು ಸಲ ಹೇಳಿಲ್ಲ ನಮಗೆ. ಅವರ ಕೆಮ್ಮನ್ನೇ ಪರೀಕ್ಷೆ ಮಾಡದೆ ಬಿಟ್ಟರೆ ಅವರಿಗೆ ಬೇಜಾರಾಗುತ್ತದೆ ಅನ್ನಿಸಿತು.

ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡೆ. ತಾರೀಖು, ಗಂಟೆ, ಎಷ್ಟು ಸಲ ಕೇಳಿಸಿತು, ಆಗ ಯಾರು ಯಾರು ಎದ್ದಿದ್ದರು, ಮಳೆ ಇತ್ತಾ, ಕರೆಂಟ್ ಇತ್ತಾ. ಇಷ್ಟೇ. ಮೊಬೈಲನ್ನು ರೆಕಾರ್ಡಿಂಗ್‌ಗೆ ಹಾಕಿ ಮಂಚದ ಮೇಲೆ ಇಟ್ಟೆ. ಬೆಳಿಗ್ಗೆ ಕೇಳಿದರೆ ಅದರಲ್ಲೂ ಕೆಮ್ಮು ಇತ್ತು. ಇದನ್ನು ಗಮನಿಸು ಮಂಜು. ಅಮ್ಮನಿಗೆ ಭ್ರಮೆ ಆಗಿರಲಿಲ್ಲ. ಸದ್ದು ನಿಜವಾಗಿಯೂ ಇತ್ತು.

ಹತ್ತು ದಿನ ಬರೆದ ಮೇಲೆ ಪುಟ ಹಿಂದೆ ಮುಂದೆ ತಿರುಗಿಸಿದಾಗ ಕಂಡದ್ದು: ಕೆಮ್ಮು ಬರುತ್ತಿದ್ದದ್ದು ದಿನ ಬಿಟ್ಟು ದಿನ. ನಾಲ್ಕೂವರೆಯ ಆಸುಪಾಸು. ಒಂದು ದಿನ ಮಾತ್ರ ಆರು ಗಂಟೆಗೆ ಬಂದಿತ್ತು. ಅವತ್ತು ಬೀದಿಯವರೆಲ್ಲ ನೀರಿಲ್ಲ ಅಂತ ಬೈದುಕೊಂಡಿದ್ದರು. ನೀರಗಂಟಿ ಮದುವೆಮನೆಗೆ ಹೋಗಿದ್ದವನು ತಡವಾಗಿ ಬಂದು ವಾಲ್ವ್ ತಿರುಗಿಸಿದ್ದ. ನಮ್ಮ ಬೀದಿಗೆ ನೀರು ಬರುವುದು ದಿನ ಬಿಟ್ಟು ದಿನವೇ.

ಮುಂದಿನ ಸರದಿಯ ದಿನ ನಾಲ್ಕು ಗಂಟೆಗೇ ಎದ್ದು ಅಪ್ಪನ ರೂಮಿನ ಗೋಡೆಗೆ ಕಿವಿ ಕೊಟ್ಟು ಕೂತೆ. ಬೀದಿಯಿಂದ ಬರುವ ಕಬ್ಬಿಣದ ಪೈಪು ಆ ಗೋಡೆ ಹಿಡಿದು ಹಿತ್ತಲಿಗೆ ಹೋಗುತ್ತದೆ. ಪೈಪಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ನಾಲ್ಕೂ ಮೂವತ್ತೈದಕ್ಕೆ ಒಳಗೆ ಏನೋ ಸರಿದಾಡಿದ ಹಾಗಾಯಿತು. ಆಮೇಲೆ ಪೈಪು ಕೈಯೊಳಗೇ ಒಮ್ಮೆ ಎಗರಿತು. ಗೋಡೆಗೆ ಬಡಿಯಿತು. ಖೊಕ್, ಖೊಕ್. ಖಾಲಿ ಪೈಪಿನಲ್ಲಿದ್ದ ಗಾಳಿಯನ್ನು ನೀರು ಒತ್ತಿಕೊಂಡು ಬರುತ್ತಿತ್ತು. ಸಡಿಲವಾಗಿದ್ದ ಒಂದು ಕ್ಲಾಂಪ್ ಅದಕ್ಕೆ ಗಂಟಲು ಕೊಟ್ಟಿತ್ತು.

ಹಾಗಾದರೆ ಅಪ್ಪ ಇದ್ದಾಗ ಯಾಕೆ ಕೇಳಿಸಲಿಲ್ಲ? ಇದು ಹೊಳೆಯಲು ಇನ್ನೂ ಎರಡು ದಿನ ಬೇಕಾಯಿತು. ಅಪ್ಪ ನೀರು ಬರುವ ದಿನ ನಾಲ್ಕಕ್ಕೇ ಎದ್ದು ಮುಂದಿನ ಅಂಗಳದ ನಲ್ಲಿ ತಿರುಗಿಸಿ, ಕೆಳಗೆ ಬಕೆಟ್ ಇಟ್ಟು, ಮೆಟ್ಟಿಲ ಮೇಲೆ ಕೂರುತ್ತಿದ್ದರು. ಗಾಳಿಯೆಲ್ಲ ಅಲ್ಲೇ ಹೊರಗೆ ಹೋಗುತ್ತಿತ್ತು. ಅವರು ಹೋದ ಮೇಲೆ ಆ ನಲ್ಲಿಯನ್ನು ಆ ಹೊತ್ತಿಗೆ ಯಾರೂ ಮುಟ್ಟಿರಲಿಲ್ಲ. ಗಾಳಿ ಸುತ್ತು ಹಾಕಿ ಅವರ ರೂಮಿನ ಗೋಡೆಗೆ ಬಂದಿತ್ತು.

ಅಮ್ಮನ ಕೈ ಹಿಡಿದುಕೊಂಡು ಹೋಗಿ ಪೈಪಿನ ಮೇಲೆ ಇಡಿಸಿದೆ. ಅದು ಎಗರುವ ತನಕ ಇಬ್ಬರೂ ಸುಮ್ಮನೆ ನಿಂತಿದ್ದೆವು. "ಹೌದು, ಪೈಪೇ" ಅಂದಳು. ಅಷ್ಟೇ. ಕ್ಲಾಂಪ್ ಬಿಗಿ ಮಾಡಿಸಲಾ ಅಂದಿದ್ದಕ್ಕೆ ಬೇಡ ಅಂತ ತಲೆ ಆಡಿಸಿದಳು. ಈಗ ನೀರಿನ ದಿನ ಅವಳೇ ನಾಲ್ಕಕ್ಕೆ ಎದ್ದು ಮುಂದಿನ ನಲ್ಲಿ ತಿರುಗಿಸಿ ಮೆಟ್ಟಿಲ ಮೇಲೆ ಕೂರುತ್ತಾಳೆ.

ಇದಾದ ಮೇಲೆ ನಾನು ಇಂಥ ವಿಚಾರಗಳನ್ನು ಸಿಕ್ಕಸಿಕ್ಕಲ್ಲಿ ಓದಿದೆ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ವಿಕ್ ಟ್ಯಾಂಡಿ ಅನ್ನೋ ಎಂಜಿನಿಯರ್ ಇದ್ದ. ಅವನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ದೆವ್ವ ಇದೆ ಅಂತ ಮಾತಿತ್ತು. ಒಂದು ರಾತ್ರಿ ಒಬ್ಬನೇ ಕೂತಿದ್ದಾಗ ಅವನಿಗೂ ಮೈ ಬೆವರಿ, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕಾರ ಕಂಡಿತು. ತಿರುಗಿ ನೋಡಿದರೆ ಮಾಯ. ಮರುದಿನ ಕತ್ತಿವರಸೆಯ ಕತ್ತಿ ರಿಪೇರಿ ಮಾಡಲು ಅದನ್ನು ವೈಸ್‌ಗೆ ಸಿಕ್ಕಿಸಿ ಇಟ್ಟರೆ, ಅದರ ಅಲಗು ತಾನಾಗಿ ನಡುಗತೊಡಗಿತು. ಬೇರೆ ಯಾರಾದರೂ ಓಡಿಹೋಗುತ್ತಿದ್ದರು. ಅವನು ಆ ಕತ್ತಿಯನ್ನು ಲ್ಯಾಬಿನ ಉದ್ದಕ್ಕೂ ಸರಿಸುತ್ತಾ ನೋಡಿದ. ನಡುವೆ ನಡುಕ ಜಾಸ್ತಿ, ತುದಿಯಲ್ಲಿ ಇಲ್ಲವೇ ಇಲ್ಲ. ಹೊಸದಾಗಿ ಕೂರಿಸಿದ್ದ ಫ್ಯಾನ್ ಒಂದು ಸೆಕೆಂಡಿಗೆ ಸುಮಾರು 19 ಸಲ ಕಂಪಿಸುವ ಸದ್ದು ಹೊರಡಿಸುತ್ತಿತ್ತು. ಅಷ್ಟು ತಗ್ಗಿನ ಸದ್ದು ನಮ್ಮ ಕಿವಿಗೆ ಕೇಳುವುದಿಲ್ಲ. ಫ್ಯಾನ್ ಕೂರಿಸಿದ ರೀತಿ ಬದಲಿಸಿದರು, ಎಲ್ಲ ನಿಂತಿತು. 1998ರಲ್ಲಿ ಅವನು ಇದನ್ನು ಬರೆದು ಪ್ರಕಟಿಸಿದ. ಓದುವಾಗ ನನಗೆ ನಮ್ಮ ಪೈಪೇ ಕಣ್ಣಮುಂದೆ ಬಂತು.

ಆದರೆ ಎಲ್ಲವನ್ನೂ 19ರ ತಲೆಗೆ ಕಟ್ಟುವುದೂ ತಪ್ಪು. ಲಂಡನ್ನಿನಲ್ಲಿ ಕ್ರಿಸ್ ಫ್ರೆಂಚ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತು ಜೊತೆಯವರು ಬೇಕಂತಲೇ ಒಂದು 'ದೆವ್ವದ ಕೋಣೆ' ಕಟ್ಟಿದರು. ಕಿವಿಗೆ ಕೇಳದ ಸದ್ದು ಬಿಡುವ ವ್ಯವಸ್ಥೆ, ವಿದ್ಯುತ್ಕಾಂತ ಅಲೆ ಬಿಡುವ ವ್ಯವಸ್ಥೆ, ಎರಡೂ ಇತ್ತು. 79 ಜನರನ್ನು ಒಬ್ಬೊಬ್ಬರಾಗಿ 50 ನಿಮಿಷ ಒಳಗೆ ಬಿಟ್ಟರು. ಏನಾದರೂ ವಿಚಿತ್ರ ಅನುಭವ ಆಗಬಹುದು ಅಂತ ಮೊದಲೇ ಹೇಳಿದ್ದರು. ತುಂಬಾ ಜನರಿಗೆ ಅನುಭವ ಆಯಿತು. ತಲೆ ತಿರುಗಿತು, ಯಾರೋ ಇದ್ದ ಹಾಗಾಯಿತು. ಆದರೆ ಯಂತ್ರ ಆನ್ ಇದ್ದರೂ ಅಷ್ಟೇ, ಆಫ್ ಇದ್ದರೂ ಅಷ್ಟೇ. 2009ರಲ್ಲಿ ಬಂದ ಆ ವರದಿಯಲ್ಲಿ ಅವರು ಬೊಟ್ಟು ಮಾಡಿದ್ದು ಮೊದಲೇ ಹೇಳಿಟ್ಟ ಮಾತಿನ ಕಡೆಗೆ.

ಅದಕ್ಕೇ ನಿನಗೆ ಒಂದು ಮಾತು. ನಿನ್ನ ಜೊತೆ ಬರುವ ಹುಡುಗರಿಗೆ ಬಂಗಲೆಯ ಕಥೆ ಹೇಳಿಬಿಟ್ಟಿದ್ದೀಯಾ? ಬಿಳಿ ಸೀರೆ, ಮಹಡಿ ಮೆಟ್ಟಿಲು, ಎಲ್ಲ? ಹೇಳಿದ್ದರೆ ಅರ್ಧ ಕೆಲಸ ಕೆಟ್ಟಿತು. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಬೋರ್ಲಿ ಅನ್ನೋ ಊರಿನ ಪಾದ್ರಿ ಮನೆಯಲ್ಲಿ ಆದದ್ದು ಇದೇ. 1937ರಲ್ಲಿ ದೆವ್ವದ ಮನೆಗಳ ತನಿಖೆಗೆ ಹೆಸರಾಗಿದ್ದ ಹ್ಯಾರಿ ಪ್ರೈಸ್ ಆ ಮನೆಯನ್ನು ಒಂದು ವರ್ಷಕ್ಕೆ ಬಾಡಿಗೆಗೆ ಹಿಡಿದ. ಪೇಪರಿನಲ್ಲಿ ಜಾಹೀರಾತು ಕೊಟ್ಟು 48 ಜನರನ್ನು ಕಾವಲಿಗೆ ಸೇರಿಸಿದ. ಅಲ್ಲಿ ಏನೇನು ನಡೆಯಬಹುದು, ನಡೆದರೆ ಏನು ಮಾಡಬೇಕು ಅಂತ ಒಂದು ಪುಸ್ತಿಕೆಯನ್ನೂ ಅವರ ಕೈಗೆ ಕೊಟ್ಟ. ಗಂಟೆ ತಾನಾಗಿ ಬಾರಿಸುತ್ತದೆ ಅಂತ ಬರೆದುಕೊಟ್ಟರೆ ಗಂಟೆಯ ಸದ್ದಿಗೆ ಕಿವಿ ಕೊಡದೆ ಯಾರು ಕೂರುತ್ತಾರೆ? ಮನೆ 1939ರಲ್ಲಿ ಸುಟ್ಟುಹೋಯಿತು. 1956ರಲ್ಲಿ ಇಂಥದ್ದನ್ನೇ ತನಿಖೆ ಮಾಡುತ್ತಿದ್ದ ಬೇರೆ ಮೂವರು ಎಲ್ಲ ದಾಖಲೆ ಮತ್ತೆ ಜಾಲಾಡಿದಾಗ ಉಳಿದದ್ದು ಇಲಿಗಳು, ಆ ಮನೆಯ ವಿಚಿತ್ರ ಆಕಾರದಲ್ಲಿ ಸದ್ದು ಸುತ್ತಾಡುವ ರೀತಿ, ಮತ್ತೆ ಮನುಷ್ಯರ ಕೈವಾಡ.

ಇನ್ನು ನಿನ್ನ ಮೀಟರ್. ಅದು ವೈರಿಂಗ್ ಪಕ್ಕ, ಫ್ರಿಜ್ ಪಕ್ಕ ಎಷ್ಟು ಅಲೆ ಇದೆ ಅಂತ ನೋಡೋಕೆ ಇರುವಂಥದ್ದು. ಜೇಬಿನಲ್ಲಿ ಮೊಬೈಲ್ ಆನ್ ಇದ್ದರೂ ದೀಪ ಹತ್ತುತ್ತದೆ. ಥರ್ಮಾಮೀಟರ್ ಗನ್ ತೋರಿಸುವುದು ಎದುರಿನ ಗೋಡೆಯ ತಂಪನ್ನು, ನಡುವಿನ ಗಾಳಿಯದ್ದಲ್ಲ. ಫೋಟೋದಲ್ಲಿ ಬಿಳಿ ಗೋಲಿಗಳು ಬಂದರೆ ಮೊದಲು ಧೂಳು ನೆನಪಿಸಿಕೋ. ಲೆನ್ಸಿನ ಪಕ್ಕದಲ್ಲೇ ಫ್ಲ್ಯಾಶ್ ಇರುವುದರಿಂದ ಹತ್ತಿರದ ಧೂಳಿನ ಕಣ ಬೆಳಗಿ ಉಬ್ಬಿ ಕಾಣುತ್ತದೆ. ದೆವ್ವದ ಮಾತು ಕೇಳಿಸುತ್ತದೆ ಅನ್ನುವ ಸ್ಪಿರಿಟ್ ಬಾಕ್ಸ್ ಅಂತೂ ಸ್ಟೇಷನ್‌ನಿಂದ ಸ್ಟೇಷನ್‌ಗೆ ಓಡುವ ರೇಡಿಯೋ. ಯಾರೋ ಅನೌನ್ಸರ್ ಬಾಯಿಂದ 'ಬಾ' ಅಂತ ಒಂದು ಚೂರು ಬರುತ್ತದೆ, ಕತ್ತಲಲ್ಲಿ ಕೂತವರಿಗೆ ಅದು ತಮ್ಮನ್ನೇ ಕರೆದ ಹಾಗಾಗುತ್ತದೆ. ಇವನ್ನೆಲ್ಲ ಬಿಟ್ಟು ಬಾ ಅನ್ನುತ್ತಿಲ್ಲ. ಹಗಲಲ್ಲಿ ಒಂದು ಸಲ ಮೂಲೆ ಮೂಲೆಯ ಅಳತೆ ತೆಗೆದಿಟ್ಟುಕೊಳ್ಳದಿದ್ದರೆ ರಾತ್ರಿಯ ಅಳತೆಗೆ ಅರ್ಥ ಇಲ್ಲ, ಅಷ್ಟೇ.

ಹಗಲಲ್ಲಿ ಹೋಗಲು ಇನ್ನೂ ಒಂದು ಕಾರಣ ಇದೆ. ಹಳೇ ಬಂಗಲೆಗಳಲ್ಲಿ ಗೆದ್ದಲು ತಿಂದ ಮರದ ಮಹಡಿ, ಮುಚ್ಚಳ ಇಲ್ಲದ ಬಾವಿ, ಹಾವು ಇರುತ್ತವೆ. ಚಳಿ ಅಂತ ಇದ್ದಿಲು ಕೆಂಡ ಮಾಡಿಕೊಂಡು ಬಾಗಿಲು ಮುಚ್ಚಿ ಕೂರಬೇಡಿ, ದಮ್ಮಯ್ಯ. 1921ರಲ್ಲಿ ಅಮೆರಿಕದ ಕಣ್ಣಿನ ಡಾಕ್ಟರ್ ವಿಲ್ಮರ್ ಒಂದು ಮನೆಯವರ ಕಥೆ ಬರೆದರು. ಹೆಜ್ಜೆ ಸಪ್ಪಳ, ಎದೆ ಮೇಲೆ ಭಾರ, ಕಾಣದವರು ಓಡಾಡಿದ ಹಾಗೆ. ಗಿಡಗಳೂ ಬಾಡುತ್ತಿದ್ದವು. ಕೆಟ್ಟುಹೋಗಿದ್ದ ಒಲೆಯಿಂದ ಕಾರ್ಬನ್ ಮಾನಾಕ್ಸೈಡ್ ಸೋರಿ ಮನೆ ತುಂಬುತ್ತಿತ್ತು. ಇದ್ದಿಲು ಕೆಂಡದಿಂದ ಬರುವುದೂ ಅದೇ ವಿಷಗಾಳಿ, ಅದಕ್ಕೆ ವಾಸನೆಯೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬೇರೆ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಟೆರಾ ವೆರಾ ಅಂತ ಹಳೇ ಮನೆ ಇತ್ತಲ್ಲ, ಈಗ ಕೆಡವಿದ್ದಾರೆ. ದೆವ್ವದ ಮನೆ ಅಂತಲೇ ಊರೆಲ್ಲ ಹೆಸರು. ಅಲ್ಲಿದ್ದವರು ಅಕ್ಕ ತಂಗಿ ಇಬ್ಬರು. ಒಬ್ಬರ ಕೊಲೆಯಾಯಿತು, ಇನ್ನೊಬ್ಬರು ಮನೆ ಬಿಟ್ಟರು. ಆಮೇಲೆ ಎಷ್ಟೋ ಹುಡುಗರು ರಾತ್ರಿ ಕಾಂಪೌಂಡ್ ಹಾರಿ ಒಳಗೆ ಹೋಗಿ ಬಂದರು. ಬದುಕಿ ಉಳಿದವರಿಗೆ ಅದು ತಮ್ಮ ಮನೆ, ತಮ್ಮವರು ಸತ್ತ ಜಾಗ. ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ ಮಂಜು. ಅಪ್ಪನ ರೂಮಿಗೆ ಯಾರಾದರೂ ಕ್ಯಾಮೆರಾ ಹಿಡಿದು ನುಗ್ಗಿ 'ಇದ್ದೀಯಾ? ಇದ್ದರೆ ದೀಪ ಹತ್ತಿಸು' ಅಂತ ಕೂಗಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ನಿಮ್ಮ ಬಂಗಲೆಗೂ ಯಾರೋ ವಾರಸುದಾರರು ಇರುತ್ತಾರೆ. ಅವರನ್ನು ಹುಡುಕಿ ಒಪ್ಪಿಗೆ ಕೇಳು. ಹಾಗೇ ಅಲ್ಲಿ ಸತ್ತರು ಅನ್ನುವ ಹೆಂಗಸು ನಿಜವಾಗಿ ಯಾರು, ಹೇಗೆ ಸತ್ತರು, ಸತ್ತರೋ ಇಲ್ಲವೋ ಅನ್ನುವುದನ್ನೂ ಕೇಳು. ನನ್ನ ಕೇಳಿದರೆ ನಿಜವಾದ ತನಿಖೆ ಅದೇ.

ಕಂಡೆ ಅಂದವರನ್ನು ಸುಳ್ಳು ಹೇಳ್ತಿದ್ದೀಯ ಅಂತ ಮಾತ್ರ ಅನ್ನಬೇಡ. ಕೇರಳದಲ್ಲಿ ಹುಟ್ಟಿ ಸಿಲೋನಿನಲ್ಲಿ ಮೇಷ್ಟ್ರಾಗಿದ್ದ ಅಬ್ರಹಾಂ ಕೋವೂರ್ ಕಲ್ಲು ಬೀಳುವ ಮನೆ, ಬಟ್ಟೆಗೆ ಬೆಂಕಿ ಹತ್ತುವ ಮನೆ ಅಂತ ಎಷ್ಟೋ ಕಡೆ ಹೋಗಿ ನೋಡಿದವರು. ನಮ್ಮ ಕಲಬುರಗಿ, ಬೀದರ್ ಕಡೆ ಭಾನಾಮತಿ ಅನ್ನುತ್ತಾರಲ್ಲ, ಹೆಚ್ಚುಕಮ್ಮಿ ಅಂಥದ್ದೇ. ಕಲ್ಲಿನ ಹಿಂದೆ ಮನುಷ್ಯರ ಕೈಯೇ ಇರುತ್ತದೆ ಅನ್ನುವುದು ಅವರ ಅನುಭವ. ಆ ಕೈ ಎಷ್ಟೋ ಸಲ ಆ ಮನೆಯವರದ್ದೇ, ಬಾಯಿಬಿಟ್ಟು ಹೇಳಿಕೊಳ್ಳಲಾಗದ ಸಂಕಟ ಇದ್ದವರದ್ದು. ಅಂಥವರನ್ನು ಹಿಡಿದುಕೊಟ್ಟೆ ಅಂತ ವಿಡಿಯೋ ಹಾಕಿದರೆ ಅವರ ಗತಿ ಏನು? 'ನಿಮ್ಮ ಮನೆಯಲ್ಲಿ ಏನೋ ಇದೆ' ಅಂತ ಹೇಳಿ ಬಂದುಬಿಟ್ಟರೂ ಕಷ್ಟ. ನೀನು ಹೊರಟ ಮೇಲೆ ಅವರು ಮಂತ್ರವಾದಿ ಹತ್ತಿರ ಹೋಗುತ್ತಾರೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸೆ ಕೊಡುವುದು 2020ರಿಂದ ನಮ್ಮ ರಾಜ್ಯದಲ್ಲಿ ಅಪರಾಧ. ಆದರೂ ನಡೆಯುತ್ತದೆ.

ಬರುವ ಭಾನುವಾರ ಬೆಳಿಗ್ಗೆ ಬಸ್ಸಿಗೆ ಬಾ. ಇಬ್ಬರೂ ಹಗಲಲ್ಲೇ ಬಂಗಲೆ ಸುತ್ತಿ ನೋಡೋಣ. ಪಕ್ಕದ ತೋಟದ ಅಜ್ಜನಿಗೆ ಎಂಬತ್ತು ದಾಟಿದೆ, ಆ ಮನೆಯಲ್ಲಿ ಜನ ಇದ್ದ ಕಾಲ ಅವರಿಗೆ ಗೊತ್ತು. ಅವರನ್ನು ಮಾತಾಡಿಸೋಣ. ಮೀಟರ್ ತಾ, ಮೊದಲು ನಮ್ಮ ಮನೆಯ ಮೇನ್ ಬೋರ್ಡ್ ಹತ್ತಿರ ಹಿಡಿದು ನೋಡೋಣ. ನೋಟ್‌ಬುಕ್ ನನ್ನ ಹತ್ತಿರವೇ ಇದೆ, ಮುಕ್ಕಾಲು ಭಾಗ ಇನ್ನೂ ಖಾಲಿ. ಶನಿವಾರ ರಾತ್ರಿಯೇ ಬರುವುದಾದರೆ ಅಪ್ಪನ ರೂಮಿನಲ್ಲಿ ಮಲಗಬಹುದು. ಭಾನುವಾರ ನೀರಿನ ದಿನ. ನಾಲ್ಕು ಗಂಟೆಗೆ ಅಮ್ಮ ಎದ್ದ ಸದ್ದು ಕೇಳಿಸಿದರೆ ಹೊರಗೆ ಬಾ. ಮೆಟ್ಟಿಲ ಮೇಲೆ ಅವಳ ಜೊತೆ ಕೂತು ಕಾಫಿ ಕುಡಿಯೋಣ. ನಿನ್ನನ್ನು ನೋಡದೆ ತುಂಬಾ ದಿನ ಆಯಿತು ಅನ್ನುತ್ತಿರುತ್ತಾಳೆ.

ನಿನ್ನ,
ಮೇಷ್ಟ್ರ ಮಗ