ಕೇಬಲ್‌ಗೆ ಹಣ ಕಟ್ಟಿದವರಿಗೇ ಪಂದ್ಯ ಕಾಣದು

ಮಾನ್ಯ ಸಂಪಾದಕರೇ,

ಕ್ರೀಡಾ ವಾಹಿನಿಗೆ ಚಂದಾ ಕಟ್ಟದೆಯೂ ಭಾರತ ತಂಡದ ಏಕದಿನ ಕ್ರಿಕೆಟ್ ಪಂದ್ಯಗಳನ್ನು ದೂರದರ್ಶನದಲ್ಲಿ ನೋಡಬಹುದೆಂಬ ಮಾತು ಅರ್ಧ ಮಾತ್ರ ನಿಜ. ಕಳೆದ ಸಲ ಪಂದ್ಯವಿದ್ದ ಮಧ್ಯಾಹ್ನ ನಮ್ಮ ಮನೆಯ ಕೇಬಲ್‌ನ ದೂರದರ್ಶನ ವಾಹಿನಿಯಲ್ಲಿ ಯಾವುದೋ ಹಳೆಯ ಧಾರಾವಾಹಿ ಬರುತ್ತಿದ್ದರೆ, ಮಾಡಿನ ಮೇಲೆ ದೂರದರ್ಶನದ ಉಪಗ್ರಹ ಸೇವೆಯಾದ ಡಿ.ಡಿ. ಫ್ರೀ ಡಿಶ್‌ನ ಪುಟ್ಟ ತಟ್ಟೆ ಕೂರಿಸಿಕೊಂಡ ಎದುರು ಮನೆಯವರು ಅದೇ ಹೊತ್ತಿಗೆ ಟಾಸ್ ನೋಡುತ್ತಿದ್ದರು.

ಇದರಲ್ಲಿ ಕೇಬಲ್‌ನವರ ತಪ್ಪೂ ಇಲ್ಲ, ದೂರದರ್ಶನದ ತಪ್ಪೂ ಇಲ್ಲ. ಸರ್ಕಾರವು ರಾಷ್ಟ್ರೀಯ ಮಹತ್ವದವೆಂದು ಅಧಿಸೂಚಿಸಿದ ಪಂದ್ಯಗಳ ನೇರಪ್ರಸಾರವನ್ನು ಹಕ್ಕುದಾರ ವಾಹಿನಿಗಳು, ತಮ್ಮ ಜಾಹೀರಾತುಗಳನ್ನು ಬಿಟ್ಟು, ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಲೇಬೇಕೆಂದು 2007ರ ಕಾಯ್ದೆ ಹೇಳುತ್ತದೆ. ಆದರೆ ಆ ಪ್ರಸಾರ ದೂರದರ್ಶನದ ಸ್ವಂತ ಭೂಪ್ರಸಾರ ಮತ್ತು ಫ್ರೀ ಡಿಶ್‌ಗಷ್ಟೇ ಸೀಮಿತವೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಆಂಟೆನಾ ತಿರುಗಿಸಿ ಚಿತ್ರ ಹಿಡಿಯುತ್ತಿದ್ದ ಕಾಲದ ಪ್ರಸಾರ ಕೇಂದ್ರಗಳು ಬಹುಪಾಲು ಮುಚ್ಚಿರುವುದರಿಂದ ಉಳಿದದ್ದು ತಿಂಗಳ ಶುಲ್ಕವಿಲ್ಲದ ಫ್ರೀ ಡಿಶ್ ಒಂದೇ. ತಿಂಗಳು ತಿಂಗಳೂ ಕೇಬಲ್ ಬಾಡಿಗೆ ಕಟ್ಟುವವನು ಕಟ್ಟದವನಿಗಿಂತ ಕಡಿಮೆ ನೋಡುವುದು ವಿಚಿತ್ರವೇ ಸರಿ.

ದೂರದರ್ಶನದಲ್ಲಿ ಹಂಚಿದ ಪ್ರಸಾರದ ಜಾಹೀರಾತು ಆದಾಯದಲ್ಲಿ ಕನಿಷ್ಠ ಶೇ 75ರಷ್ಟು ಹಕ್ಕುದಾರರಿಗೇ ಸಲ್ಲಬೇಕೆಂದು ಕಾಯ್ದೆಯಲ್ಲಿರುವಾಗ ಅವರೇನೂ ಬರಿಗೈಯಲ್ಲಿ ಉಳಿಯುವುದಿಲ್ಲ; ಆದ್ದರಿಂದ ಕೇಬಲ್ ವೀಕ್ಷಕರನ್ನೂ ಸೇರಿಸಿಕೊಂಡು ಕಾಯ್ದೆಯನ್ನು ತಿದ್ದಲು 2018ರಲ್ಲಿ ಕರಡು ಸಿದ್ಧಪಡಿಸಿದ್ದ ಕೇಂದ್ರ ಸರ್ಕಾರ ಅದನ್ನು ಮತ್ತೆ ಕೈಗೆತ್ತಿಕೊಳ್ಳಬೇಕು. 2014–15ರಲ್ಲಿ ಕರ್ನಾಟಕ ಎಂಟನೇ ಬಾರಿಗೆ ಗೆದ್ದ ರಣಜಿ ಟ್ರೋಫಿಗಂತೂ ಈ ಕಾಯ್ದೆಯ ಆಸರೆಯೇ ಇಲ್ಲ. ನಮ್ಮ ತಂಡ ಆಡುವ ದಿನಗಳಲ್ಲಾದರೂ ಆಕಾಶವಾಣಿ ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡಲಿ.

ಇಂತಿ,
ಓರ್ವ ಓದುಗ, ತಿಪಟೂರು